ಪ್ರತಿ ಕಾಯುವ ತಂತ್ರಾಂಶದೊಳಗೊಂದು ಬಿರುಕು

ಒಂದು ವಿದ್ಯಾಸಂಸ್ಥೆಯ ಆಯುಷ್ಯವು ಅದರ ಕಟ್ಟಡಗಳಲ್ಲಿ ಇರುವಂತೆಯೇ ಅದರ ದಫ್ತರದಲ್ಲಿಯೂ ಇರುತ್ತದೆ. ಐವತ್ತು ವರ್ಷಗಳ ಹಿಂದೆ ಶಾಲೆಯನ್ನು ಸೇರಿದವರೊಬ್ಬರು ತಮ್ಮ ಜನ್ಮದಿನಾಂಕದ ದಾಖಲೆಯನ್ನು ಅರಸಿ ಇಂದು ಬಂದರೆ, ಮುಖ್ಯೋಪಾಧ್ಯಾಯರು ಕಪಾಟಿನಿಂದ ದಾಖಲಾತಿ ಪುಸ್ತಕವನ್ನು ತೆಗೆದು, ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಬಲ್ಲವರಾಗಿರಬೇಕು. ಗೆದ್ದಲು, ಮಳೆ, ಬೆಂಕಿ, ಅಲಕ್ಷ್ಯ - ಇವುಗಳಿಂದ ದಾಖಲೆಯನ್ನು ಕಾಪಾಡುವ ಉಪಾಯವು ಹಿಂದಿನಿಂದಲೂ ಒಂದೇ ಆಗಿದೆ: ಎರಡನೆಯ ಪ್ರತಿಯನ್ನು ಮಾಡಿ ಬೇರೊಂದು ಕಡೆಯಲ್ಲಿ ಇಡುವುದು. ಓಲೆಗರಿಯ ಕಾಲದ ಲಿಪಿಕಾರರು ಮಾಡುತ್ತಿದ್ದುದೂ ಇದನ್ನೇ, ಕಾರ್ಬನ್ ಕಾಗದವನ್ನಿಟ್ಟು ರಸೀದಿ ಬರೆಯುವ ಗುಮಾಸ್ತರು ಮಾಡುವುದೂ ಇದನ್ನೇ.

ಈಗ ದಫ್ತರವು ಬಹುಮಟ್ಟಿಗೆ ಗಣಕಯಂತ್ರದೊಳಗೆ ಸೇರಿಕೊಂಡಿದೆ. ಅಂಕಪಟ್ಟಿ, ಶುಲ್ಕದ ಲೆಕ್ಕ, ದಾನಿಗಳ ಹೆಸರು ವಿಳಾಸಗಳು, ಹಳೆಯ ವಿದ್ಯಾರ್ಥಿಗಳ ಪಟ್ಟಿ ಇವೆಲ್ಲವೂ ಒಂದು ಸಣ್ಣ ಪೆಟ್ಟಿಗೆಯಲ್ಲಿ ಅಡಗಿರುವುದರಿಂದ, ಎರಡನೆಯ ಪ್ರತಿಯ ಅವಶ್ಯಕತೆಯು ಹಿಂದಿಗಿಂತಲೂ ಹೆಚ್ಚಾಗಿದೆ. ಈ ಪ್ರತಿಯನ್ನು ದಿನವೂ ತಪ್ಪದೆ ತಾನಾಗಿಯೇ ಮಾಡುವ ತಂತ್ರಾಂಶಗಳುಂಟು. ಅವನ್ನು ಬ್ಯಾಕಪ್ ತಂತ್ರಾಂಶಗಳೆನ್ನುತ್ತಾರೆ. ಈ ಕಾವಲುಗಾರನಲ್ಲಿಯೇ ದೌರ್ಬಲ್ಯವಿದ್ದರೆ ಏನಾಗುತ್ತದೆ? ಇದು ಬರಿಯ ಊಹೆಯ ಪ್ರಶ್ನೆಯಲ್ಲ. ಪ್ರಪಂಚದ ಬಹುಭಾಗದಲ್ಲಿ ಬಳಕೆಯಲ್ಲಿರುವ ‘ಆರ್‌ಸಿಂಕ್’ ಎಂಬ ತಂತ್ರಾಂಶದಲ್ಲಿ ಇಂತಹ ದೋಷವೊಂದು 2022ರ ಅಕ್ಟೋಬರಿನಿಂದ 2025ರ ಜನವರಿಯವರೆಗೆ, ಎರಡು ವರ್ಷಗಳಿಗೂ ಮಿಕ್ಕಿ, ಅಡಗಿ ಕುಳಿತಿತ್ತು. ಅದರ ಸ್ವರೂಪವನ್ನೂ ಪರಿಹಾರವನ್ನೂ, ಗಣಕಶಾಸ್ತ್ರವನ್ನು ಅಭ್ಯಸಿಸದ ವಾಚಕರಿಗೂ ತಿಳಿಯುವಂತೆ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಈ ತಂತ್ರಾಂಶದ ಪರಿಚಯವನ್ನು ಮಾಡಿಕೊಳ್ಳೋಣ. ಆಸ್ಟ್ರೇಲಿಯದ ಕ್ಯಾನ್‌ಬೆರಾ ನಗರದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿದ್ದ ಆಂಡ್ರೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ ಎಂಬಿಬ್ಬರು 1996ರ ಜೂನ್ ತಿಂಗಳಲ್ಲಿ ಇದನ್ನು ಪ್ರಕಟಪಡಿಸಿದರು. ಅಂದು ಗಣಕಯಂತ್ರಗಳ ನಡುವಿನ ಸಂಪರ್ಕವು ಬಹಳ ನಿಧಾನವಾದುದು. ದೊಡ್ಡ ಕಡತವೊಂದರಲ್ಲಿ ನಾಲ್ಕು ಸಾಲು ಬದಲಾದರೆ ಇಡೀ ಕಡತವನ್ನು ಮತ್ತೆ ಕಳುಹಿಸುವುದೆಂದರೆ, ಹಾಜರಿ ಪುಸ್ತಕದಲ್ಲಿ ಇಂದಿನ ಒಂದು ಕಲಮು ತುಂಬಿದ್ದಕ್ಕಾಗಿ ಪುಸ್ತಕವನ್ನೆಲ್ಲ ಹೊಸದಾಗಿ ನಕಲು ಮಾಡಿದಂತೆ. ಬದಲಾದ ಭಾಗವನ್ನಷ್ಟೇ ಕಳುಹಿಸಬೇಕು. ಆದರೆ ಎರಡು ಪ್ರತಿಗಳೂ ಎರಡು ಬೇರೆ ಊರುಗಳಲ್ಲಿರುವಾಗ, ಅಕ್ಕಪಕ್ಕದಲ್ಲಿಟ್ಟು ಹೋಲಿಸಿ ನೋಡದೆ, ಯಾವ ಭಾಗ ಬದಲಾಗಿದೆಯೆಂದು ತಿಳಿಯುವುದು ಹೇಗೆ? ಟ್ರಿಜೆಲ್ ಅವರು ಈ ಸಮಸ್ಯೆಗೆ ಕಂಡುಹಿಡಿದ ಉತ್ತರವು ಅವರ 1999ರ ಪಿಎಚ್.ಡಿ. ಪ್ರಬಂಧದ ಒಂದು ಮುಖ್ಯ ಭಾಗವಾಯಿತು.

ಆ ಉತ್ತರವು ಬಹು ಸೊಗಸಾದುದು. ಮುಂದೆ ಬರುವ ದೋಷವು ಅದರ ಒಡಲಿನಲ್ಲಿಯೇ ಹುಟ್ಟಿದ್ದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಹಳೆಯ ಪ್ರತಿಯುಳ್ಳ ಯಂತ್ರವು ತನ್ನ ಕಡತವನ್ನು ಸಮನಾದ ತುಂಡುಗಳನ್ನಾಗಿ ಭಾಗಿಸುತ್ತದೆ. ಪ್ರತಿಯೊಂದು ತುಂಡಿನಲ್ಲಿರುವ ಅಕ್ಷರಗಳ ಮೇಲೆ ಒಂದು ಗಣಿತಕ್ರಿಯೆಯನ್ನು ನಡೆಸಿ ಒಂದು ಚಿಕ್ಕ ಸಂಖ್ಯೆಯನ್ನು ಪಡೆಯುತ್ತದೆ. ಇದಕ್ಕೆ ಚೆಕ್‌ಸಮ್ ಎಂದು ಹೆಸರು. ಎರಡು ಕಡೆಯ ತುಂಡುಗಳನ್ನು ತಾಳೆ ನೋಡುವುದಕ್ಕಾಗಿ ಇರುವುದರಿಂದ ನಾವಿದನ್ನು ‘ತಾಳೆಸಂಖ್ಯೆ’ ಎಂದು ಕರೆಯೋಣ. ತುಂಡಿನಲ್ಲಿ ಒಂದು ಅಕ್ಷರ ವ್ಯತ್ಯಾಸವಾದರೂ ತಾಳೆಸಂಖ್ಯೆ ಬೇರೆಯಾಗುತ್ತದೆ. ಹಳೆಯ ಪ್ರತಿಯುಳ್ಳ ಯಂತ್ರವು ಈ ಸಂಖ್ಯೆಗಳ ಪಟ್ಟಿಯನ್ನು ಮಾತ್ರ ಹೊಸ ಪ್ರತಿಯುಳ್ಳ ಯಂತ್ರಕ್ಕೆ ಕಳುಹಿಸುತ್ತದೆ. ಹೊಸ ಪ್ರತಿಯುಳ್ಳ ಯಂತ್ರವು ತನ್ನ ಕಡತದಲ್ಲಿಯೂ ಅಂತಹದೇ ತಾಳೆಸಂಖ್ಯೆಗಳನ್ನು ಹುಡುಕಿ, ಸಿಕ್ಕಿದ ಕಡೆ “ಈ ತುಂಡು ನಿನ್ನಲ್ಲಿಯೇ ಇದೆ” ಎಂದು ಹೇಳಿ, ಸಿಕ್ಕದ ಕಡೆ ಮಾತ್ರ ನಿಜವಾದ ಅಕ್ಷರಗಳನ್ನು ಕಳುಹಿಸುತ್ತದೆ.

ಉಳಿತಾಯವೆಷ್ಟೆಂಬುದನ್ನು ಲೆಕ್ಕ ಹಾಕಬಹುದು. 7,00,000 ಬೈಟುಗಳ ಕಡತವನ್ನು 700 ಬೈಟುಗಳ ತುಂಡುಗಳನ್ನಾಗಿ ಮಾಡಿದರೆ 1,000 ತುಂಡುಗಳಾಗುತ್ತವೆ. (ಬೈಟೆಂದರೆ ಸ್ಥೂಲವಾಗಿ ಒಂದು ರೋಮನ್ ಅಕ್ಷರ ಹಿಡಿಸುವಷ್ಟು ಜಾಗ.) ಪ್ರತಿ ತುಂಡಿಗೂ ಎರಡು ಬಗೆಯ ತಾಳೆಸಂಖ್ಯೆಗಳುಂಟು. ಮೊದಲನೆಯದು 4 ಬೈಟುಗಳದು. ಕಡತದ ಮೇಲೆ ಒಂದೊಂದೇ ಅಕ್ಷರದಷ್ಟು ಮುಂದೆ ಸರಿಯುತ್ತ, ಹಿಂದೆ ಬಿಟ್ಟುಹೋದ ಅಕ್ಷರವನ್ನು ಕಳೆದು ಮುಂದೆ ಸೇರಿದ ಅಕ್ಷರವನ್ನು ಕೂಡಿಸಿಕೊಂಡು ಅದನ್ನು ಬಲು ವೇಗದಿಂದ ಗಣಿಸಬಹುದು. ಆದರೆ ಅದನ್ನು ಪೂರ್ತಿಯಾಗಿ ನಂಬುವಂತಿಲ್ಲ; ಎರಡು ಬೇರೆ ತುಂಡುಗಳಿಗೆ ಒಂದೇ ಸಂಖ್ಯೆ ಬಂದೀತು. ಆದಕಾರಣ ಅದು ಹೊಂದಿದಾಗ ಮಾತ್ರ 16 ಬೈಟುಗಳ ಎರಡನೆಯ, ಗಟ್ಟಿಯಾದ ತಾಳೆಸಂಖ್ಯೆಯನ್ನು ಗಣಿಸಿ ನೋಡುತ್ತಾರೆ. ತುಂಡೊಂದಕ್ಕೆ 20 ಬೈಟುಗಳಂತೆ ಸಾವಿರ ತುಂಡುಗಳಿಗೆ 20,000 ಬೈಟುಗಳಾದವು. ಏಳು ಲಕ್ಷದ ಕಡತವನ್ನು ಇಪ್ಪತ್ತು ಸಾವಿರದ ಪಟ್ಟಿಯಿಂದ ತಾಳೆ ನೋಡಿದಂತಾಯಿತು. ಈ ಗಟ್ಟಿ ಸಂಖ್ಯೆಯನ್ನು ಮೊದಲು ಎಂಡಿ-4 ಎಂಬ ವಿಧಾನದಿಂದ, 2008ರ ನಂತರ ಎಂಡಿ-5 ಎಂಬುದರಿಂದ ಗಣಿಸುತ್ತಿದ್ದರು. ಎರಡರ ಫಲವೂ ಸರಿಯಾಗಿ 16 ಬೈಟುಗಳು. 2020ರಲ್ಲಿ ಸೇರಿದ ವೇಗದ ವಿಧಾನಗಳ ಫಲವಾದರೂ 8 ಅಥವಾ 16 ಬೈಟುಗಳೇ.

ಈ 16 ಎಂಬ ಅಂಕಿಯನ್ನು ವಾಚಕರು ನೆನಪಿನಲ್ಲಿಡಬೇಕು. ಪಟ್ಟಿಯನ್ನು ಪಡೆಯುವ ಯಂತ್ರವು ತನ್ನ ಸ್ಮೃತಿಯಲ್ಲಿ, ಅಂದರೆ ಮೆಮೊರಿಯಲ್ಲಿ, ಒಂದೊಂದು ತುಂಡಿಗೂ ಒಂದೊಂದು ಸಾಲಿನಂತೆ ರಿಜಿಸ್ಟರನ್ನು ಗೆರೆಹಾಕಿ ಸಿದ್ಧಪಡಿಸಿಕೊಳ್ಳುತ್ತಿತ್ತು. ಆ ಸಾಲಿನಲ್ಲಿ ತುಂಡಿನ ಸ್ಥಾನಕ್ಕೆ, ಉದ್ದಕ್ಕೆ, ಮೊದಲ ತಾಳೆಸಂಖ್ಯೆಗೆ ಇಷ್ಟಿಷ್ಟೆಂದು ಕಲಮುಗಳಿದ್ದು, ಕೊನೆಯಲ್ಲಿ ಗಟ್ಟಿ ತಾಳೆಸಂಖ್ಯೆಗೆ 16 ಬೈಟುಗಳ ಕಲಮನ್ನು ಬಿಟ್ಟಿತ್ತು. ಕಾಲು ಶತಮಾನದವರೆಗೆ ಅದು ಸಾಕಾಗಿತ್ತು.

ಇನ್ನೊಂದು ವಿವರವೂ ಉಂಟು. ಮಿತವ್ಯಯದ ದೃಷ್ಟಿಯಿಂದ ಆರ್‌ಸಿಂಕ್ ಯಾವಾಗಲೂ 16 ಬೈಟುಗಳನ್ನೂ ಕಳುಹಿಸುವುದಿಲ್ಲ. ಕಡತದ ಗಾತ್ರವನ್ನು ನೋಡಿ, ಮೊದಲ ಕೆಲವು ಬೈಟುಗಳೇ ಸಾಕೆನಿಸಿದರೆ ಅಷ್ಟನ್ನೇ ಕಳುಹಿಸಿ, ಪಟ್ಟಿಯ ತಲೆಯಲ್ಲಿ “ಪ್ರತಿ ಸಾಲಿನಲ್ಲಿಯೂ ಇಷ್ಟು ಬೈಟುಗಳಿವೆ” ಎಂದು ಒಂದು ಸಂಖ್ಯೆಯನ್ನು ಬರೆಯುತ್ತದೆ. ಆದ್ದರಿಂದ ತಾಳೆಸಂಖ್ಯೆಯ ಉದ್ದವು ಎಷ್ಟೆಂಬುದನ್ನು ಹೇಳುವವನು ಪಟ್ಟಿಯನ್ನು ಪಡೆಯುವವನಲ್ಲ, ಕಳುಹಿಸುವವನು. ಸಾರ್ವಜನಿಕ ಸರ್ವರಿನ ಪ್ರಸಂಗದಲ್ಲಿ ಪಟ್ಟಿಯನ್ನು ಕಳುಹಿಸುವವನು ಹೆಸರೂ ಊರೂ ತಿಳಿಯದ ಆಗಂತುಕನು. ಕಡತವನ್ನು ಬೇಡಿ ಬಂದವನೇ “ನನ್ನಲ್ಲಿ ಹಳೆಯ ಪ್ರತಿಯಿದೆ, ಅದರ ಪಟ್ಟಿ ಇಗೋ” ಎಂದು ಒಪ್ಪಿಸುತ್ತಾನೆ.

ಹೀಗಿರುವಲ್ಲಿ, ಆಗಂತುಕನು ಹೇಳಿದ ಉದ್ದವನ್ನು ಪರೀಕ್ಷಿಸದೆ ಒಪ್ಪಿಕೊಳ್ಳುವುದು ಅವಿವೇಕವಾಗುತ್ತದೆ. ಆರ್‌ಸಿಂಕ್ ರಚಿಸಿದವರಿಗೆ ಇದು ತಿಳಿಯದ ಸಂಗತಿಯಲ್ಲ. ಪರೀಕ್ಷೆಯು ಇದ್ದೇ ಇತ್ತು. “ಉದ್ದವು ಸೊನ್ನೆಗಿಂತ ಕಡಿಮೆಯಾಗಿದ್ದರೆ, ಅಥವಾ ಪರಮಾವಧಿಯನ್ನು ಮೀರಿದ್ದರೆ, ಕೆಲಸವನ್ನು ನಿಲ್ಲಿಸು” ಎಂಬರ್ಥದ ವಾಕ್ಯವು ಅದೇ ಸ್ಥಳದಲ್ಲಿ ಬರೆಯಲ್ಪಟ್ಟಿತ್ತು. ಆದರೆ ಕಲಮಿನ ಅಗಲಕ್ಕೆ ತಂತ್ರಾಂಶದಲ್ಲಿ ಇಟ್ಟಿದ್ದ ಹೆಸರು ಒಂದು, ‘ಸಮ್ ಲೆಂಗ್ತ್’. ಪರೀಕ್ಷೆಯಲ್ಲಿ ಬಳಸಿದ ಪರಮಾವಧಿಯ ಹೆಸರು ಮತ್ತೊಂದು, ‘ಮ್ಯಾಕ್ಸ್ ಡೈಜೆಸ್ಟ್ ಲೆನ್’. ಎರಡು ಹೆಸರುಗಳ ಬೆಲೆಯೂ 16 ಆಗಿರುವವರೆಗೆ ಈ ಭೇದವು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

2022ರ ಅಕ್ಟೋಬರ್ 20ರಂದು ಆರ್‌ಸಿಂಕಿನ 3.2.7 ಎಂಬ ಆವೃತ್ತಿಯು ಹೊರಬಂದಿತು. ಅದರಲ್ಲಿ ಒಂದು ಒಳ್ಳೆಯ ಸುಧಾರಣೆಯಿತ್ತು. ಸರ್ವರಿಗೆ ಪ್ರವೇಶಿಸುವವರ ಗುಪ್ತಪದವನ್ನು ಪರಿಶೀಲಿಸಲು ಅಲ್ಲಿಯವರೆಗೆ ಬಳಸುತ್ತಿದ್ದ ಎಂಡಿ-4, ಎಂಡಿ-5 ವಿಧಾನಗಳು ಹಳತಾಗಿ ದುರ್ಬಲವಾಗಿದ್ದುವು. ಅವುಗಳ ಜೊತೆಗೆ ಎಸ್.ಎಚ್.ಎ.-256, ಎಸ್.ಎಚ್.ಎ.-512 ಮೊದಲಾದ ಬಲವಾದ ವಿಧಾನಗಳನ್ನು ಸೇರಿಸಲಾಯಿತು. ಎಸ್.ಎಚ್.ಎ.-512ರ ಫಲವು 64 ಬೈಟುಗಳಷ್ಟು ಉದ್ದವಾದುದು. ಅದನ್ನು ಹಿಡಿಸುವುದಕ್ಕಾಗಿ ಪರಮಾವಧಿಯನ್ನು 16ರಿಂದ 64ಕ್ಕೆ ಏರಿಸಬೇಕಾಯಿತು. ಗುಪ್ತಪದದ ವಿಭಾಗಕ್ಕೆ ಅದು ಸರಿಯಾಗಿತ್ತು. ಕಡತಗಳ ತಾಳೆಸಂಖ್ಯೆಯ ವಿಭಾಗದಲ್ಲಿಯಾದರೋ, ಕಲಮು 16ರದೇ ಆಗಿ ಉಳಿಯಿತು. ಬಾಗಿಲಲ್ಲಿ ನಿಂತ ಪರೀಕ್ಷೆಯು ಮಾತ್ರ 64ರವರೆಗೆ ಅಪ್ಪಣೆ ಕೊಡತೊಡಗಿತು. ಮುಂಬಾಗಿಲಿಗೆ ಭದ್ರವಾದ ಬೀಗವನ್ನು ಹಾಕಿಸುವಾಗ ಹಿತ್ತಲಿನ ಅಗಣಿ ಸಡಿಲಿದಂತಾಯಿತು. ಇಲ್ಲಿ ಅಲಕ್ಷ್ಯವೆಂದು ಬೆರಳು ತೋರಿಸುವುದು ಸುಲಭ. ಆದರೆ ಬದಲಾದ ಸಾಲನ್ನು ಓದುವವನಿಗೆ ಅದರಲ್ಲಿ ತಪ್ಪು ಕಾಣುವುದಿಲ್ಲ, ಬದಲಾಗದೆ ಉಳಿದ ಸಾಲನ್ನು ಯಾರೂ ಮತ್ತೆ ತೆರೆದು ಓದುವುದಿಲ್ಲ ಎಂಬುದನ್ನೂ ನೆನೆಯಬೇಕು. ಪಠ್ಯಪುಸ್ತಕವನ್ನು ಪರಿಷ್ಕರಿಸಿದ ಮೇಲೆ ಹಳೆಯ ಪುಟಸಂಖ್ಯೆಗಳನ್ನು ಹಿಡಿದ ಪ್ರಶ್ನಾವಳಿಯು ಹಾಗೆಯೇ ಉಳಿದಿರುವುದನ್ನು ನಮ್ಮ ಉಪಾಧ್ಯಾಯ ಬಂಧುಗಳು ಎಷ್ಟೋ ಸಾರಿ ಕಂಡಿರಬಹುದು.

16ರ ಕಲಮಿನಲ್ಲಿ 64 ಬೈಟುಗಳನ್ನು ಬರೆದರೆ ಉಳಿದ 48 ಬೈಟುಗಳು ಎಲ್ಲಿಗೆ ಹೋಗುತ್ತವೆ? ಕಾಗದದ ಮೇಲಾದರೆ ಗುಮಾಸ್ತನು ಗೆರೆಯನ್ನು ಕಂಡು ಕೈ ತಡೆಯುತ್ತಾನೆ. ಆರ್‌ಸಿಂಕನ್ನು ಬರೆದಿರುವುದು ಸಿ ಭಾಷೆಯಲ್ಲಿ. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಡೆನಿಸ್ ರಿಚಿಯವರು ರೂಪಿಸಿದ ಈ ಭಾಷೆಯು ವೇಗಕ್ಕೆ ಹೆಸರಾದುದು; ಗೆರೆಯನ್ನು ಕಾಯುವ ಹೊಣೆಯನ್ನು ಅದು ಬರೆಯುವವನಿಗೇ ಬಿಟ್ಟುಕೊಟ್ಟಿದೆ. ಆದುದರಿಂದ ಹೆಚ್ಚುವರಿ ಬೈಟುಗಳು ಗೆರೆಯನ್ನು ದಾಟಿ ಪಕ್ಕದ ಸ್ಮೃತಿಯ ಮೇಲೆ ಬರೆಯಲ್ಪಡುತ್ತವೆ. ಪಕ್ಕದಲ್ಲಿ ಮುಂದಿನ ಸಾಲು ಇದ್ದರೆ ಆ ಸಾಲಿನ ವಿವರಗಳು ಕೆಡುತ್ತವೆ. ಅದು ಪಟ್ಟಿಯ ಕೊನೆಯ ಸಾಲಾಗಿದ್ದರೆ, ರಿಜಿಸ್ಟರಿನ ಆಚೆಗೆ ಏನಿದೆಯೋ ಅದು ಕೆಡುತ್ತದೆ. ಅಲ್ಲಿ ಬೇರೊಂದು ಕೆಲಸದ ಅಂಕಿಯಿದ್ದೀತು, ಮುಂದೆ ಯಾವ ಆದೇಶವನ್ನು ಪಾಲಿಸಬೇಕೆಂದು ಸೂಚಿಸುವ ವಿಳಾಸವಿದ್ದೀತು. ಇದನ್ನೇ ಸ್ಮೃತಿದೂಷಣವೆಂದು ಹೇಳಬಹುದು. ಅದು ಆಕಸ್ಮಿಕವಾದರೆ ತಂತ್ರಾಂಶವು ನಿಂತುಹೋಗುತ್ತದೆ, ಅಷ್ಟೆ. ಆದರೆ ಆ 48 ಬೈಟುಗಳಲ್ಲಿ ಏನಿರಬೇಕೆಂಬುದನ್ನು ಆರಿಸಿ ಕಳುಹಿಸುವವನು ಕುಶಲನಾದ ದುರುಳನಾದರೆ, ಆ ವಿಳಾಸದ ಜಾಗದಲ್ಲಿ ತನಗೆ ಬೇಕಾದ ವಿಳಾಸವನ್ನೇ ಬರೆದು, ಯಂತ್ರವು ತನ್ನ ಆಜ್ಞೆಯಂತೆ ನಡೆಯುವ ಹಾಗೆ ಮಾಡಬಲ್ಲನು.

ಇಲ್ಲಿ ಅವನಿಗೆ ಒಂದು ತೊಡಕುಂಟು. ಇಂದಿನ ಗಣಕಯಂತ್ರಗಳು ಪ್ರತಿ ಬಾರಿಯೂ ತಮ್ಮ ಸ್ಮೃತಿಯ ವಿಳಾಸಗಳನ್ನು ಕಲಸಿ ಬೇರೆ ಬೇರೆ ಕಡೆಗಳಲ್ಲಿ ಇಡುತ್ತವೆ. ಯಾವ ಕೋಣೆ ಎಲ್ಲಿದೆಯೆಂದು ತಿಳಿಯದ ಕಳ್ಳನು ಗೋಡೆಯನ್ನು ಕೊರೆದರೂ ಪ್ರಯೋಜನವಿಲ್ಲ. ಆದರೆ ಅದೇ ತಂತ್ರಾಂಶದಲ್ಲಿ ಎರಡನೆಯ ದೋಷವೊಂದು ಆ ಕೋಣೆಗಳ ನಕ್ಷೆಯನ್ನು ಸ್ವಲ್ಪಸ್ವಲ್ಪವಾಗಿ ಹೊರಗೆ ಬಿಡುತ್ತಿತ್ತು. ಮೊದಲನೆಯ ದೋಷಕ್ಕೆ ಸಿವಿಇ-2024-12084 ಎಂದೂ ಎರಡನೆಯದಕ್ಕೆ ಸಿವಿಇ-2024-12085 ಎಂದೂ ಕ್ರಮಸಂಖ್ಯೆಗಳಿವೆ. ನನ್ನ ಅಭಿಪ್ರಾಯದಲ್ಲಿ ಎರಡನೆಯದೇ ಹೆಚ್ಚು ಕುತೂಹಲಕಾರಿಯಾದುದು.

ಅದರ ಬಗೆ ಹೀಗೆ. ಸರ್ವರು ತನ್ನ ಕಡತದ ತುಂಡಿಗೆ ತಾಳೆಸಂಖ್ಯೆಯನ್ನು ಗಣಿಸಿ, ಅದನ್ನು ಸ್ಮೃತಿಯ ಒಂದು ತಾತ್ಕಾಲಿಕ ಹಲಗೆಯ ಮೇಲೆ ಬರೆದುಕೊಂಡು, ಆಗಂತುಕನು ಕಳುಹಿಸಿದ ಸಂಖ್ಯೆಯೊಂದಿಗೆ ಹೋಲಿಸುತ್ತದೆ. ಹಲಗೆಯ ಮೇಲೆ ಹಿಂದಿನ ಕೆಲಸದಲ್ಲಿ ಬರೆದ ಅಕ್ಷರಗಳು ಹಾಗೆಯೇ ಇರುತ್ತವೆ. ಅವನ್ನು ಅಳಿಸುವ ಪದ್ಧತಿ ಇರಲಿಲ್ಲ. ಆಗಂತುಕನು ಕೇವಲ 8 ಬೈಟುಗಳ ಫಲವನ್ನು ಕೊಡುವ ವಿಧಾನವನ್ನು ಆರಿಸಿಕೊಂಡು, “ಉದ್ದವು 9” ಎಂದು ಹೇಳುತ್ತಾನೆ. ಸರ್ವರು 8 ಬೈಟುಗಳನ್ನು ಬರೆದು, 9ನ್ನು ಹೋಲಿಸುತ್ತದೆ. ಒಂಬತ್ತನೆಯದು ಹಲಗೆಯ ಮೇಲೆ ಉಳಿದಿದ್ದ ಹಳೆಯ ಅಕ್ಷರ. ಕಡತವು ಸಾರ್ವಜನಿಕವಾದುದರಿಂದ ಮೊದಲ ಎಂಟನ್ನು ಆಗಂತುಕನು ತಾನೇ ಗಣಿಸಿ ಸರಿಯಾಗಿ ಕೊಡಬಲ್ಲನು, ಒಂಬತ್ತನೆಯದನ್ನು ಊಹಿಸುತ್ತಾನೆ. ಊಹೆ ತಪ್ಪಾದರೆ ಸರ್ವರು ತುಂಡನ್ನೇ ಕಳುಹಿಸುತ್ತದೆ. ಸರಿಯಾದರೆ “ಇದು ನಿನ್ನಲ್ಲಿಯೇ ಇದೆ” ಎನ್ನುತ್ತದೆ. ಒಂದು ಬೈಟಿಗೆ ಇರಬಹುದಾದ ಬೆಲೆಗಳು 256 ಮಾತ್ರ. ಆದುದರಿಂದ ಹೆಚ್ಚೆಂದರೆ 256 ಊಹೆಗಳಲ್ಲಿ ಒಂದು ಬೈಟು ದೊರೆಯಿತು. ಮತ್ತೆ “ಉದ್ದವು 10” ಎಂದು ಹೇಳಿ ಮುಂದಿನ ಬೈಟು. ಬಾಯಿಬಿಟ್ಟು ಏನನ್ನೂ ಹೇಳದ, ಹೌದು ಅಲ್ಲ ಎಂದು ತಲೆಯಾಡಿಸುವವನಿಂದಲೇ ಒಂದೊಂದಕ್ಷರವಾಗಿ ಗುಟ್ಟನ್ನು ಹೊರಡಿಸಿದಂತೆ. ಉಳಿತಾಯಕ್ಕಾಗಿ ಕಲ್ಪಿಸಿದ “ಇದು ನಿನ್ನಲ್ಲಿಯೇ ಇದೆ” ಎಂಬ ಮಾತೇ ಇಲ್ಲಿ ಗುಟ್ಟನ್ನು ಬಿಟ್ಟುಕೊಡುತ್ತದೆ.

ಈ ಎರಡನ್ನೂ ಸೇರಿಸಿದರೆ, ಸಾರ್ವಜನಿಕ ಸರ್ವರಿನಿಂದ ಕಡತವನ್ನು ಓದುವ ಅನುಮತಿಯೊಂದಿದ್ದರೆ ಸಾಕು, ಆ ಸರ್ವರಿನಲ್ಲಿ ತನಗೆ ಬೇಕಾದ ಆದೇಶವನ್ನು ನಡೆಸಬಹುದಾಗಿತ್ತು. ಹೆಸರು, ಗುಪ್ತಪದ ಯಾವುದೂ ಬೇಡ. ದೋಷಗಳ ತೀವ್ರತೆಯನ್ನು ಅಳೆಯುವ ಹತ್ತರ ಮಾನದಲ್ಲಿ ಮೊದಲನೆಯದಕ್ಕೆ 9.8 ಅಂಕಗಳನ್ನು ಕೊಟ್ಟಿದ್ದಾರೆ. ಇದನ್ನು ಕಂಡುಹಿಡಿದವರು ಗೂಗಲ್ ಸಂಸ್ಥೆಯ ಮೇಘಸೇವೆಯ ದೋಷಸಂಶೋಧನ ವಿಭಾಗದ ಸೈಮನ್ ಸ್ಕ್ಯಾನೆಲ್, ಪೆಡ್ರೊ ಗಾಯೆಗೋಸ್, ಜೇಸಿಯಲ್ ಸ್ಪೆಲ್ಮನ್ ಎಂಬ ಮೂವರು. ಅವರು ಒಟ್ಟು ಐದು ದೋಷಗಳನ್ನು ಹೊರಗೆಡವಿದರು. ಆರನೆಯದನ್ನು ಅಲೆಕ್ಸಿ ಗೊರ್ಬನ್ ಎಂಬುವರು ಕಂಡುಹಿಡಿದರು. ಉಳಿದ ನಾಲ್ಕು ಸ್ಮೃತಿಗೆ ಸಂಬಂಧಿಸಿದವುಗಳಲ್ಲ: ವಂಚಕ ಸರ್ವರೊಂದು ತನ್ನಲ್ಲಿಗೆ ಬಂದವನ ಯಂತ್ರದ ಕಡತಗಳನ್ನು ಓದುವುದು, ಸಂಕೇತಕೊಂಡಿಗಳ ಮೂಲಕ ಗೊತ್ತುಪಡಿಸಿದ ಕಡತಕೋಶದ ಆಚೆಗೆ ಕೈಚಾಚುವುದು, ಇವೇ ಮೊದಲಾದುವು.

ಇಂತಹದು ಬರಿಯ ಸಾಧ್ಯತೆಯಷ್ಟೇ ಅಲ್ಲವೆಂಬುದಕ್ಕೆ ಆರ್‌ಸಿಂಕಿನ ಇತಿಹಾಸದಲ್ಲಿಯೇ ನಿದರ್ಶನವಿದೆ. 2003ರ ಡಿಸೆಂಬರ್ 2ರಂದು, ಜೆಂಟೂ ಎಂಬ ಲಿನಕ್ಸ್ ವಿತರಣೆಯ ಕಡತಗಳನ್ನು ಹಂಚುತ್ತಿದ್ದ ಸರ್ವರುಗಳಲ್ಲೊಂದಕ್ಕೆ ಯಾರೋ ನುಗ್ಗಿದರು. ಆರ್‌ಸಿಂಕಿನ 2.5.6 ಹಾಗೂ ಅದಕ್ಕೆ ಹಿಂದಿನ ಆವೃತ್ತಿಗಳಲ್ಲಿ ಇದೇ ಜಾತಿಯ, ಸ್ಮೃತಿಯು ಗೆರೆ ಮೀರಿ ಉಕ್ಕುವ ದೋಷವೊಂದಿತ್ತು. ಅದರ ಮೂಲಕ ಒಳಗೆ ಕಾಲಿಟ್ಟು, ಲಿನಕ್ಸಿನ ಗರ್ಭದಲ್ಲಿದ್ದ ಇನ್ನೊಂದು ದೋಷದ ಮೂಲಕ ಸರ್ವಾಧಿಕಾರವನ್ನು ಪಡೆದಿದ್ದರು. ಅಲ್ಲಿಯೂ ಎರಡು ದೋಷಗಳ ಜೋಡಿ ಎಂಬುದನ್ನು ಗಮನಿಸಬೇಕು. ಎರಡು ದಿನಗಳಲ್ಲಿ, ಡಿಸೆಂಬರ್ 4ರಂದು, ದೋಷವನ್ನು ತಿದ್ದಿದ 2.5.7 ಆವೃತ್ತಿಯು ಪ್ರಕಟವಾಯಿತು. ಅಂದು ದೋಷವು ತಿಳಿದದ್ದು ಕಳ್ಳತನವಾದ ಮೇಲೆ. 2025ರಲ್ಲಿಯಾದರೋ ಸಂಶೋಧಕರು ಮೊದಲು ತಂತ್ರಾಂಶದ ಪಾಲಕರಿಗೆ ಗುಟ್ಟಾಗಿ ತಿಳಿಸಿ, ಪರಿಹಾರವು ಸಿದ್ಧವಾದ ಬಳಿಕ, ಜನವರಿ 14ರಂದು ಲೋಕಕ್ಕೆ ಪ್ರಕಟಿಸಿದರು. ಇಷ್ಟು ವರ್ಷಗಳಲ್ಲಿ ಈ ಕ್ಷೇತ್ರದಲ್ಲಿ ಬೆಳೆದುಬಂದ ಒಳ್ಳೆಯ ಸಂಪ್ರದಾಯವಿದು.

ಬ್ಯಾಕಪ್ ಕೆಲಸದಲ್ಲಿ ಈ ದೋಷಕ್ಕೆ ವಿಶೇಷವಾದ ಗಾಂಭೀರ್ಯವಿದೆ. ಪ್ರತಿ ಮಾಡುವವನಿಗೆ ಎಲ್ಲ ಕೋಣೆಗಳ ಬೀಗದ ಕೈಯನ್ನೂ ಕೊಡದೆ ಗತ್ಯಂತರವಿಲ್ಲ. ಓದಲಾಗದ ಕಡತದ ಪ್ರತಿಯನ್ನು ಅವನು ಮಾಡುವುದಾದರೂ ಹೇಗೆ? ಬೇರೆ ತಂತ್ರಾಂಶವು ಕೆಟ್ಟರೆ ಒಂದು ಕೋಣೆ ಹೋದೀತು. ಬ್ಯಾಕಪ್ ಸರ್ವರು ಪರಾಧೀನವಾದರೆ ಅಲ್ಲಿ ಒಟ್ಟುಗೂಡಿದ ಎಲ್ಲರ ದಾಖಲೆಗಳೂ ಒಮ್ಮೆಗೇ ಬಯಲಾಗುತ್ತವೆ. ಮೇಲಾಗಿ, ಕಡತಗಳಿಗೆ ಬೀಗ ಜಡಿದು ಹಣವನ್ನು ಕೇಳುವ ಇಂದಿನ ದುಷ್ಕರ್ಮಿಗಳು ಮೊದಲು ಹುಡುಕುವುದು ಎರಡನೆಯ ಪ್ರತಿಯನ್ನೇ, ಏಕೆಂದರೆ ಅದಿರುವವರೆಗೆ ಅವರ ಬೆದರಿಕೆಗೆ ಬೆಲೆಯಿಲ್ಲ. ಆರ್‌ಸ್ನ್ಯಾಪ್‌ಶಾಟ್, ಬ್ಯಾಕಪ್‌ಪಿಸಿ ಮುಂತಾದ ಹಲವು ಬ್ಯಾಕಪ್ ತಂತ್ರಾಂಶಗಳು ಆರ್‌ಸಿಂಕನ್ನೇ ಆಧರಿಸಿವೆ. ಕಚೇರಿಗಳಲ್ಲಿಯೂ ಮನೆಗಳಲ್ಲಿಯೂ ಇಟ್ಟುಕೊಳ್ಳುವ ಸಂಗ್ರಹಪೆಟ್ಟಿಗೆಗಳೊಳಗೆ ಅದು ಹೆಸರಿಲ್ಲದೆ ದುಡಿಯುತ್ತಿರುತ್ತದೆ. ಅಂತಹ ಪೆಟ್ಟಿಗೆಗಳನ್ನು ತಯಾರಿಸುವ ತೈವಾನಿನ ಕ್ಯೂನ್ಯಾಪ್ ಕಂಪೆನಿಯು ಈ ಆರು ದೋಷಗಳ ಕಾರಣದಿಂದಲೇ ತನ್ನ ಬ್ಯಾಕಪ್ ತಂತ್ರಾಂಶದ ತಿದ್ದಿದ ಆವೃತ್ತಿಯನ್ನು 2025ರ ಜನವರಿಯಲ್ಲಿ ಹೊರಡಿಸಬೇಕಾಯಿತು. ತನ್ನ ಪೆಟ್ಟಿಗೆಯೊಳಗೆ ಆರ್‌ಸಿಂಕ್ ಇದೆಯೆಂಬುದನ್ನೇ ತಿಳಿಯದ ಗ್ರಾಹಕನಿಗೆ ಈ ಸುದ್ದಿಯು ತನಗೆ ಸಂಬಂಧಿಸಿದ್ದೆಂದು ಹೊಳೆಯುವುದು ಕಷ್ಟ.

ಇನ್ನು ಪರಿಹಾರದ ವಿಷಯ. ತಟ್ಟನೆ ತೋರುವ ಉಪಾಯವೆಂದರೆ ಕಲಮನ್ನು 16ರಿಂದ 64ಕ್ಕೆ ಅಗಲಿಸುವುದು. ಹಾಗೆ ಮಾಡಿದ್ದರೆ ಅಂದಿನ ಗಂಡಾಂತರವು ತಪ್ಪುತ್ತಿತ್ತು, ಆದರೆ ಎರಡು ಹೆಸರುಗಳೂ ಎರಡು ಅಳತೆಗಳೂ ಹಾಗೆಯೇ ಉಳಿದು, ಮುಂದೆ 64ನ್ನು ಮೀರಿದ ವಿಧಾನವೊಂದು ಬಂದ ದಿನ ಅದೇ ಕಥೆ ಮರುಕಳಿಸುತ್ತಿತ್ತು. ಪಾಲಕರು ಅದನ್ನು ಆರಿಸಿಕೊಳ್ಳಲಿಲ್ಲ. ಸಾಲಿನೊಳಗಿನ ಆ ಸ್ಥಿರವಾದ ಕಲಮನ್ನೇ ತೆಗೆದುಹಾಕಿದರು. ಗಟ್ಟಿ ತಾಳೆಸಂಖ್ಯೆಗಳಿಗಾಗಿ ಬೇರೊಂದು ರಿಜಿಸ್ಟರನ್ನೇ ಏರ್ಪಡಿಸಿ, ಈ ವರ್ಗಾವಣೆಯಲ್ಲಿ ಎರಡೂ ಕಡೆಯವರು ಒಪ್ಪಿಕೊಂಡ ವಿಧಾನದ ಫಲವು ಎಷ್ಟು ಬೈಟುಗಳದೋ ಅಷ್ಟೇ ಅಗಲವನ್ನು ಆ ಹೊತ್ತಿನಲ್ಲಿ ಅಳೆದು ಅದಕ್ಕೆ ಗೆರೆ ಹಾಕುವಂತೆ ಮಾಡಿದರು. ಬಾಗಿಲಿನ ಪರೀಕ್ಷೆಯನ್ನೂ ಅದೇ ಅಳತೆಗೆ ಕಟ್ಟಿದರು: ಆಗಂತುಕನು ಹೇಳಿದ ಉದ್ದವು ಆ ವಿಧಾನದ ಉದ್ದವನ್ನು ಮೀರಿದರೆ ಕೆಲಸವು ಅಲ್ಲಿಗೇ ನಿಲ್ಲುತ್ತದೆ. ಜಾಗವನ್ನು ಬಿಡುವವನೂ ಜಾಗವನ್ನು ಕಾಯುವವನೂ ಈಗ ಒಂದೇ ಗಜಕಡ್ಡಿಯನ್ನು ಹಿಡಿದಿದ್ದಾರೆ. ಇದರಿಂದ “ಉದ್ದವು 9” ಎಂಬ ಸುಳ್ಳು ಕೂಡ ಬಾಗಿಲಲ್ಲಿಯೇ ಸಿಕ್ಕಿಬೀಳುತ್ತದೆ. ಆದರೂ ಅಷ್ಟಕ್ಕೇ ತೃಪ್ತರಾಗದೆ, ತಾತ್ಕಾಲಿಕ ಹಲಗೆಯನ್ನು ಬಳಸುವ ಮೊದಲು ಸೊನ್ನೆಗಳಿಂದ ಒರೆಸಿಬಿಡುವ ಒಂದು ಸಾಲನ್ನು ಸೇರಿಸಿ ಎರಡನೆಯ ದೋಷವನ್ನು ಬೇರೆಯಾಗಿಯೇ ಮುಚ್ಚಿದರು. ತಿದ್ದುಪಡಿಯ ಗಾತ್ರವು ಚಿಕ್ಕದು. ಅದರ ಗುಣವಿರುವುದು ಬಿರುಕನ್ನು ಮುಚ್ಚಿದ್ದರಲ್ಲಿ ಮಾತ್ರವಲ್ಲ, ಬಿರುಕು ಬಿಡುವುದಕ್ಕೆ ಕಾರಣವಾದ ಎರಡು ಅಳತೆಗಳನ್ನು ಒಂದಾಗಿಸಿದ್ದರಲ್ಲಿ.

ಹೀಗೆ ತಿದ್ದಿದ ಆವೃತ್ತಿಯೇ 3.4.0. ಅವಸರದ ಕೆಲಸಕ್ಕೆ ಸಹಜವಾದಂತೆ ಅದರಲ್ಲಿಯೂ ಕೆಲವು ಸಣ್ಣ ತೊಡಕುಗಳು ಕಾಣಿಸಿಕೊಂಡವು. ಒಂದೇ ಕಡತಕ್ಕೆ ಎರಡು ಮೂರು ಹೆಸರುಗಳಿದ್ದರೆ ಆ ಸಂಬಂಧವನ್ನು ಪ್ರತಿಯಲ್ಲಿಯೂ ಉಳಿಸಿಕೊಳ್ಳುವ ಸೌಕರ್ಯವೊಂದು ಆರ್‌ಸಿಂಕಿನಲ್ಲಿದೆ. ಒಳಗಿನ ಗುರುತುಗಳು ಒಂದಕ್ಕೊಂದು ತಾಗಿ ಅದು ಕೆಟ್ಟಿತು. ಬ್ಯಾಕಪ್ ಮಾಡುವವರಿಗೆ ಬಹಳ ಬೇಕಾದ ಸೌಕರ್ಯವಿದಾದುದರಿಂದ ದೂರುಗಳು ಕೂಡಲೇ ಬಂದವು, ಎರಡು ದಿನಗಳೊಳಗಾಗಿ 3.4.1 ಹೊರಬಂದಿತು. ಯಾವ ಸಂಬಳದ ದಂಡೂ ಇಲ್ಲದೆ, ಬೆರಳೆಣಿಕೆಯ ಜನರು ನೋಡಿಕೊಳ್ಳುತ್ತಿರುವ ತಂತ್ರಾಂಶವಿದು. ಅದನ್ನು ನಂಬಿರುವ ಸಂಸ್ಥೆಗಳ ಸಂಖ್ಯೆಯನ್ನು ನೆನೆದರೆ ಈ ವೇಗವನ್ನು ಮೆಚ್ಚಬೇಕು, ಜೊತೆಗೆ ಸ್ವಲ್ಪ ಸಂಕೋಚವನ್ನೂ ಪಡಬೇಕು.

ಕೊನೆಯದಾಗಿ, ತಮ್ಮ ತಮ್ಮ ಸಂಸ್ಥೆಗಳಲ್ಲಿ ಗಣಕಯಂತ್ರದ ಹೊಣೆಯನ್ನು ಹೊತ್ತಿರುವ ಉಪಾಧ್ಯಾಯರೂ ಹಳೆಯ ವಿದ್ಯಾರ್ಥಿಗಳೂ ಈ ವಾಚಕರಲ್ಲಿ ಇರುವುದರಿಂದ ಒಂದೆರಡು ವ್ಯಾವಹಾರಿಕ ಮಾತುಗಳು. ತಮ್ಮಲ್ಲಿರುವ ಆರ್‌ಸಿಂಕ್ ಯಾವ ಆವೃತ್ತಿಯದೆಂದು ಕೇಳಿದರೆ ಅದು ತಾನೇ ಹೇಳುತ್ತದೆ. ಎರಡು ಯಂತ್ರಗಳು ಮಾತನಾಡಿಕೊಳ್ಳುವ ಒಡಂಬಡಿಕೆಯ ಸಂಖ್ಯೆಯನ್ನು 3.4.0ರಲ್ಲಿ 31ರಿಂದ 32ಕ್ಕೆ ಏರಿಸಿರುವುದು, ದೂರದ ಸರ್ವರು ತಿದ್ದಲ್ಪಟ್ಟಿದೆಯೇ ಎಂಬುದನ್ನು ಹೊರಗಿನಿಂದಲೇ ಗುರುತಿಸಲು ಅನುಕೂಲವಾಗಲೆಂದು. ಆದರೆ ಹಳೆಯ ಸಂಖ್ಯೆ ಕಂಡೊಡನೆ ಗಾಬರಿಯಾಗಬೇಕಿಲ್ಲ. ಡೆಬಿಯನ್ ಮೊದಲಾದ ಲಿನಕ್ಸ್ ವಿತರಣೆಯವರು ತಮ್ಮಲ್ಲಿದ್ದ 3.2.7ಕ್ಕೇ ಈ ತಿದ್ದುಪಡಿಗಳನ್ನು ಹೊಲಿದು ಕೊಟ್ಟಿದ್ದಾರೆ. ಅಲ್ಲಿ ಆವೃತ್ತಿಯ ಸಂಖ್ಯೆಯ ಬಾಲದಲ್ಲಿರುವ ವಿತರಣೆಯ ಗುರುತನ್ನು ನೋಡಬೇಕು. 3.2.7ಕ್ಕಿಂತ ಹಳೆಯ ಯಂತ್ರಗಳಲ್ಲಿ ಕಲಮಿನ ದೋಷವು ಹುಟ್ಟಿಯೇ ಇರಲಿಲ್ಲವಾದರೂ ಉಳಿದ ದೋಷಗಳಿಂದ ಅವು ಮುಕ್ತವೆಂದು ಭಾವಿಸಬಾರದು. ಆರ್‌ಸಿಂಕ್ ಸರ್ವರು ಬಾಗಿಲು ತೆರೆದು ಕುಳಿತುಕೊಳ್ಳುವುದು 873ನೆಯ ಪೋರ್ಟಿನಲ್ಲಿ. ಶಾಲೆಯ ದಫ್ತರದ ಪ್ರತಿಗಾಗಿ ಆ ಬಾಗಿಲನ್ನು ಲೋಕಕ್ಕೆಲ್ಲ ತೆರೆದಿಡುವ ಪ್ರಮೇಯವೇ ಇಲ್ಲ, ಎಸ್.ಎಸ್.ಎಚ್. ಎಂಬ ರಕ್ಷಿತ ಮಾರ್ಗದ ಮೂಲಕ, ಗೊತ್ತಿರುವ ಯಂತ್ರಗಳಿಗೆ ಮಾತ್ರ ಪ್ರವೇಶವನ್ನು ಕೊಟ್ಟರೆ ಸಾಕು. ವಾರಕ್ಕೊಮ್ಮೆ ಒಂದು ಪ್ರತಿಯನ್ನು ಯಾವ ತಂತಿಗೂ ತಗುಲಿಸದ ಡಿಸ್ಕಿನಲ್ಲಿ ತೆಗೆದು ಕಪಾಟಿನಲ್ಲಿಡಬೇಕು. ಹೊಸ ಆವೃತ್ತಿಯನ್ನು ಸ್ಥಾಪಿಸಿದ ದಿನ, ಬ್ಯಾಕಪ್ಪಿನಿಂದ ಹಳೆಯ ವರ್ಷವೊಂದರ ಅಂಕಪಟ್ಟಿಯನ್ನು ಮರಳಿ ತರಿಸಿ, ಅದು ಪೂರ್ತಿಯಾಗಿ ತೆರೆಯುತ್ತದೆಯೇ ಎಂದು ಕಣ್ಣಾರೆ ನೋಡಬೇಕು.